ಗೋಡೆ, ಮಾಳಿಗೆ, ಕಾಲಂ: ಕಲಬುರಗಿ–ಬೀದರ್ ಭಾಗದ ಮನೆಗಳು ಭೂಕಂಪ ತಡೆಯಬೇಕಾದರೆ

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಸದ್ದು ಬರುತ್ತಿತ್ತು, ಮನೆಗಳು ಅಲುಗುತ್ತಿದ್ದವು. ಜನ ಮಕ್ಕಳುಮರಿ ಕರೆದುಕೊಂಡು ಬಯಲಲ್ಲಿ ರಾತ್ರಿ ಕಳೆದರು. ಅಕ್ಟೋಬರ್ 11ರ ರಾತ್ರಿ ಆದ ಕಂಪನದ ಪ್ರಮಾಣ 4.1. ದೂರದವರಿಗೆ ಅದು ಸಣ್ಣ ಅಂಕಿಯಾಗಿ ಕಂಡಿರಬಹುದು. ಆದರೆ ಕಲ್ಲಿನ ಗೋಡೆಯ ಮೇಲೆ ಮಣ್ಣಿನ ಮಾಳಿಗೆ ಹೊತ್ತ ಮನೆಯಲ್ಲಿ ಮಲಗುವವರಿಗೆ ಆ ಹೆದರಿಕೆ ಸಹಜ, ಮತ್ತು ಅದಕ್ಕೆ ಕಾರಣವೂ ಇದೆ.

ಆ ಕಾರಣದ ಹೆಸರು ಕಿಲ್ಲಾರಿ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಆ ಊರು ಆಳಂದದಿಂದ ನೇರ ಲೆಕ್ಕದಲ್ಲಿ ಅರವತ್ತು ಕಿಲೋಮೀಟರ್ ಒಳಗೇ ಇದೆ, ಬಸವಕಲ್ಯಾಣದಿಂದ ಇನ್ನೂ ಹತ್ತಿರ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತಿಗೆ, 6.2 ಪ್ರಮಾಣದ ಭೂಕಂಪ ಆಯಿತು. ಸತ್ತವರು ಸುಮಾರು 8 ಸಾವಿರ. ಪ್ರಪಂಚದ ಲೆಕ್ಕದಲ್ಲಿ 6.2 ಮಧ್ಯಮ ಗಾತ್ರದ್ದು, ಸರಿಯಾಗಿ ಕಟ್ಟಿದ ಮನೆಗಳಿರುವ ಊರಿನಲ್ಲಿ ಅಷ್ಟು ಜನ ಸಾಯುವುದಿಲ್ಲ. 4.1ಕ್ಕೂ 6.2ಕ್ಕೂ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 1,400 ಪಟ್ಟು ಅಂತರವಿದೆ. ಹಾಗಾಗಿ ‘ಗಡಿಕೇಶ್ವರದ ನಡುಕಕ್ಕೆ ನಮ್ಮ ಮನೆ ಬೀಳಲಿಲ್ಲ, ಇನ್ನು ಚಿಂತೆಯಿಲ್ಲ’ ಎನ್ನುವುದು ತಪ್ಪು ಲೆಕ್ಕ. ಸಣ್ಣ ನಡುಕಗಳ ಸಾಲು ಬಂದಕೂಡಲೇ ದೊಡ್ಡದು ಬಂದೇ ಬರುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಅಂಥ ಸಾಲುಗಳು ಬಹುಪಾಲು ತಾವಾಗಿಯೇ ನಿಂತುಹೋಗುತ್ತವೆ. ಭೂಕಂಪ ಯಾವಾಗ ಬರುತ್ತದೆಂದು ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಬಂದರೆ ಈ ಗೋಡೆ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಇವತ್ತೇ, ಗೋಡೆಯ ಮುಂದೆ ನಿಂತೇ ಹೇಳಬಹುದು.

ವಲಯದ ಅಂಕಿ ನಂಬಿ ಕೂರಬೇಡಿ

1993ರವರೆಗೆ ಕಿಲ್ಲಾರಿ ಇದ್ದದ್ದು ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಪ್ರದೇಶದಲ್ಲಿ. ದುರಂತದ ನಂತರ ಲಾತೂರ್ ಭಾಗವನ್ನು ಮೂರನೇ ವಲಯಕ್ಕೆ ಏರಿಸಿದರು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು. ಭೂಕಂಪ ತಡೆಯುವ ಕಟ್ಟಡಗಳ ಭಾರತೀಯ ಮಾನಕ (ಐಎಸ್) 1893 ಸಂಹಿತೆಯ 2016ರ ಆವೃತ್ತಿಯ ಪಟ್ಟಿಯಲ್ಲಿ ಕಲಬುರಗಿ ನಗರ ಎರಡನೇ ವಲಯದಲ್ಲಿದೆ, ಅದರ ಗುಣಾಂಕ, ಅಂದರೆ ಲೆಕ್ಕಕ್ಕೆ ಹಿಡಿಯುವ ನೆಲದ ಅಲುಗಾಟದ ಅಳತೆ, 0.10. ಮೂರನೇ ವಲಯದ್ದು 0.16. ದಖ್ಖನ್ ಪ್ರಸ್ಥಭೂಮಿಯ ಭೂಕಂಪಗಳು ಅಪರೂಪ, ಆದರೆ ಅವು ನೆಲದ ಮೇಲ್ಪದರದಲ್ಲೇ ಹುಟ್ಟುತ್ತವೆ. ಕಿಲ್ಲಾರಿಯದ್ದೂ ಹಾಗೆಯೇ ಆಳ ಕಡಿಮೆ ಇದ್ದದ್ದು. ಅದರಿಂದ ಕೇಂದ್ರದ ಸುತ್ತಲಿನ ಹತ್ತಾರು ಕಿಲೋಮೀಟರ್‌ನಲ್ಲಿ ಹಾನಿ ವಿಪರೀತವಾಯಿತು. ಮೂರು ತಲೆಮಾರು ಏನೂ ಆಗದ ಊರಿನಲ್ಲಿ ಮನೆ ಕಟ್ಟುವ ಪದ್ಧತಿಗೆ ಭೂಕಂಪದ ಪಾಠ ಸೇರಿರುವುದಿಲ್ಲ. ಅಪಾಯ ಇರುವುದು ಅಲ್ಲಿ.

ಕಿಲ್ಲಾರಿಯ ಗೋಡೆಗಳು ಹೇಗೆ ಬಿದ್ದವು

ಆಳಂದ, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳೆಯ ಮನೆಗಳಿಗೂ ಕಿಲ್ಲಾರಿಯ ಮನೆಗಳಿಗೂ ಕಟ್ಟಡದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎರಡೂವರೆ, ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ದಪ್ಪ ಗೋಡೆ ಗಟ್ಟಿ ಎಂದು ಎಲ್ಲರೂ ನಂಬುತ್ತಾರೆ. ಅದನ್ನು ಒಡೆದು ನೋಡಿದರೆ ಒಂದು ಗೋಡೆಯ ಬದಲು ಎರಡು ಗೋಡೆ ಕಾಣುತ್ತವೆ. ಹೊರಮೈಗೆ ಒಂದು ಸಾಲು ದೊಡ್ಡ ಕಲ್ಲು, ಒಳಮೈಗೆ ಇನ್ನೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ನೆಲ ಅಡ್ಡಡ್ಡ ಅಲುಗಿದಾಗ ನಡುವಿನ ಚೂರು ಕೆಳಗಿಳಿದು ಬೆಣೆಯ ಕೆಲಸ ಮಾಡುತ್ತದೆ, ಎರಡು ಮೈಗಳನ್ನೂ ಹೊರಕ್ಕೆ ತಳ್ಳುತ್ತದೆ. ಹೊರಗಿನ ಸಾಲು ಬೀದಿಗೆ, ಒಳಗಿನ ಸಾಲು ಮಲಗಿದವರ ಮೇಲೆ. ಆಮೇಲೆ ಆಸರೆ ಕಳೆದುಕೊಂಡ ಮಾಳಿಗೆ ಇಳಿಯುತ್ತದೆ. ಕಿಲ್ಲಾರಿಯಲ್ಲಿ ಅನೇಕರು ಮಣ್ಣಿನ ರಾಶಿಯಡಿ ಉಸಿರುಗಟ್ಟಿ ಸತ್ತರು.

ಮಾಳಿಗೆಯ ತೂಕ ಲೆಕ್ಕ ಹಾಕಿ ನೋಡಿ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಅದು ಸುಮಾರು 5 ಘನ ಮೀಟರ್, ಒಣಗಿದ್ದಾಗಲೇ 8 ಟನ್. ಅಷ್ಟೇ ಜಾಗಕ್ಕೆ 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಮೂರೂವರೆ ಟನ್. ಪತ್ರಾಸ್ (ತಗಡಿನ ಶೀಟು) ಹಾಕಿದರೆ ಕೆಳಗಿನ ಕಬ್ಬಿಣ ಸೇರಿಸಿದರೂ ಒಂದೆರಡು ಕ್ವಿಂಟಲ್. ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಅಡ್ಡ ಒತ್ತಡ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ, ಮತ್ತು ತೂಕ ಮೇಲಿದ್ದಷ್ಟೂ ಗೋಡೆಗೆ ಕೆಡುಕು. ಮಳೆಗಾಲಕ್ಕೆ ಮುಂಚೆ ಸೋರಿಕೆ ತಡೆಯಲೆಂದು ವರ್ಷವರ್ಷ ಒಂದೊಂದು ಪದರ ಮಣ್ಣು ಸುರಿಯುತ್ತ ಹೋದ ಮಾಳಿಗೆಗಳು ಎರಡು ಅಡಿಯನ್ನೂ ಮೀರಿರುತ್ತವೆ. ಮಣ್ಣು ತಂಪು ಕೊಡುತ್ತದೆ ಎನ್ನುವುದು ನಿಜ. ಮೇ ತಿಂಗಳ ಬಿಸಿಲು ಕಂಡವರು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಆದರೆ ಆ ತಂಪಿಗೆ ಅರ್ಧ ಅಡಿ ಸಾಕು, ಮಿಕ್ಕದ್ದು ಬರೀ ಹೊರೆ.

ಅದೇ ಊರುಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಗೋಡೆಯ ಒಳಗೆ ಮರದ ಕಂಬ ನಿಲ್ಲಿಸಿ, ಕಂಬದ ಮೇಲೆ ತೊಲೆ ಕೂರಿಸಿದ ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ಹಲವೆಡೆ ಕಂಬದ ಮೇಲೇ ನಿಂತಿತ್ತು. ನಮ್ಮಲ್ಲೂ ಅಂಕಣದ ಲೆಕ್ಕದಲ್ಲಿ ಕಟ್ಟಿದ ಹಳೆಯ ಮನೆಗಳಿಗೆ ಈ ಗುಣವಿದೆ. ಜಾಗ ಸಾಲದೆಂದು ಒಳಗಿನ ಕಂಬ ಕಿತ್ತು, ತೊಲೆಯ ತುದಿಯನ್ನು ಗೋಡೆಗೆ ಕೊಡುವ ಕೆಲಸ ಯಾರೂ ಮಾಡಬಾರದು.

ಹೊಸ ಗೋಡೆ ಕಟ್ಟುವಾಗ

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಪದರಪದರಾಗಿ ಏಳುವ ಫರಸಿ ಕಲ್ಲು, ಬೀದರ್ ಪ್ರಸ್ಥಭೂಮಿಯಲ್ಲಿ ಕತ್ತರಿಸಿ ತೆಗೆಯುವ ಕೆಂಪು ಕಲ್ಲು, ಯಾದಗಿರಿಯಲ್ಲಿ ಗ್ರಾನೈಟ್. ಮೂರಕ್ಕೂ ಬೇರೆಬೇರೆ ಸ್ವಭಾವವಿದೆ. ಕೆಂಪು ಕಲ್ಲು ಇಟ್ಟಿಗೆಯ ಹಾಗೆ ಚೌಕಾಗಿ ಬರುವುದರಿಂದ ಒಂದೇ ಕಲ್ಲಿನ ದಪ್ಪದ ಗೋಡೆ ಸಾಧ್ಯ, ಎರಡು ಮೈಗಳ ರೋಗ ಕಡಿಮೆ. ಫರಸಿ ಚಪ್ಪಟೆಯಾಗಿ ಕೂರುತ್ತದೆ, ಅದು ಒಳ್ಳೆಯದು, ಆದರೆ ಸಣ್ಣ ತುಂಡುಗಳಲ್ಲೇ ಗೋಡೆ ಏರಿಸಿದರೆ ಒಳಗೆ ಹಿಡಿತವಿರುವುದಿಲ್ಲ. ಗುಂಡಗಿನ ಗ್ರಾನೈಟ್ ಕಲ್ಲನ್ನು ಒಂದು ಮುಖವಾದರೂ ಒಡೆದು ಚಪ್ಪಟೆ ಮಾಡದೆ ಬಳಸಬಾರದು.

ಕಲ್ಲಿನ ಗೋಡೆಗೆ ಐಎಸ್ 13828 ಹೇಳುವ ಮಿತಿ ಸರಳ: ದಪ್ಪ 450 ಮಿ.ಮೀ. ಮೀರಬಾರದು, ಅಂದರೆ ಒಂದೂವರೆ ಅಡಿ. ಎತ್ತರ ಒಂದು ಅಂತಸ್ತಿಗೆ 3.2 ಮೀಟರ್ ಒಳಗಿರಬೇಕು. ಅಡ್ಡಗೋಡೆಯ ಆಸರೆ ಇಲ್ಲದೆ ಒಂದೇ ಗೋಡೆ 5 ಮೀಟರ್‌ಗಿಂತ ಉದ್ದ ಹೋಗಬಾರದು. ಹೋಗಲೇಬೇಕಾದರೆ ನಡುವೆ ಆಸರೆಗೋಡೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗೋಡೆಯ ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದಗಲ್ಲು, ಗೌಂಡಿಗಳು ಹೆಡರ್ ಎನ್ನುವುದು. ಎತ್ತರದಲ್ಲಿ ಪ್ರತಿ ಎರಡು ಅಡಿಗೆ ಒಂದು ಸಾಲು, ಸಾಲಿನಲ್ಲಿ ಪ್ರತಿ ನಾಲ್ಕು ಅಡಿಗೆ ಒಂದು ಕಲ್ಲು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಒಳಗೆ ಒಂದು ಸರಳು ಇಟ್ಟು ಕಾಂಕ್ರೀಟಿನ ತುಂಡು ಎರಕ ಹಾಕಿಕೊಂಡು ಬಳಸಬಹುದು. ಎರಡು ಗೋಡೆ ಸೇರುವ ಮೂಲೆಯಲ್ಲಿ ಉದ್ದಗಲ್ಲುಗಳು ಒಂದು ಸಾಲಿಗೆ ಆ ಕಡೆ, ಮುಂದಿನ ಸಾಲಿಗೆ ಈ ಕಡೆ ಹೆಣೆದುಕೊಳ್ಳಬೇಕು. ಒಂದು ಗೋಡೆ ಪೂರ್ತಿ ಏರಿಸಿ, ಎಂಟು ದಿನ ಬಿಟ್ಟು ಇನ್ನೊಂದನ್ನು ತಂದು ಅದಕ್ಕೆ ಅಂಟಿಸುವ ಅವಸರದ ಕೆಲಸದಿಂದಲೇ ಮೂಲೆಗಳು ಮೊದಲು ಬಾಯಿ ಬಿಡುತ್ತವೆ. ಗಾರೆ 1:6 ಸಿಮೆಂಟ್ ಮತ್ತು ಉಸುಕು ಇದ್ದರೆ ಸಾಕು. ಕಲಸಿದ್ದನ್ನು ಗಂಟೆಯೊಳಗೆ ಬಳಸಬೇಕು, ಮಧ್ಯಾಹ್ನ ಊಟ ಮಾಡಿ ಬಂದು ನೀರು ಹಾಕಿ ಮತ್ತೆ ಕಲಸಿದ ಗಾರೆಗೆ ಜೀವವಿರುವುದಿಲ್ಲ.

ಇನ್ನು ಸುತ್ತುಪಟ್ಟಿ. ಎಂಜಿನಿಯರುಗಳು ಬ್ಯಾಂಡ್ ಎನ್ನುವ ಇದನ್ನೇ ಈ ಲೇಖನದ ತಿರುಳು ಎಂದುಕೊಳ್ಳಿ. ಬಾಗಿಲು ಕಿಟಕಿಗಳ ಮೇಲೆ ತುಂಡುತುಂಡು ಲಿಂಟಲ್ ಹಾಕುವುದು ಎಲ್ಲ ಕಡೆ ರೂಢಿ. ಅದೇ ಲಿಂಟಲ್ ಅನ್ನು ಮನೆಯ ಎಲ್ಲ ಗೋಡೆಗಳ ಮೇಲೂ, ಒಳಗೋಡೆ ಸೇರಿಸಿ, ಎಲ್ಲಿಯೂ ತುಂಡಾಗದಂತೆ ಸುತ್ತಿಸಿದರೆ ಅದು ಬಂಡಿಯ ಗಾಲಿಗೆ ಬಿಗಿದ ಕಬ್ಬಿಣದ ಹಳಿಯ ಕೆಲಸ ಮಾಡುತ್ತದೆ. ನಾಲ್ಕು ಗೋಡೆಗಳು ನಾಲ್ಕು ದಿಕ್ಕಿಗೆ ಹೋಗದೆ ಒಟ್ಟಿಗೆ ಅಲುಗುತ್ತವೆ. ಪಟ್ಟಿಯ ದಪ್ಪ 75 ಮಿ.ಮೀ., ಅಗಲ ಗೋಡೆಯಷ್ಟೇ. ಉದ್ದಕ್ಕೆ ಎರಡು ಸರಳು. ಐದು ಮೀಟರ್ ಒಳಗಿನ ಗೋಡೆಗೆ 8 ಮಿ.ಮೀ. ಸರಳೂ ಆಗುತ್ತದೆ, 10 ಮಿ.ಮೀ. ಹಾಕಿದರೆ ಮನಸ್ಸಿಗೆ ನೆಮ್ಮದಿ. ಅಡ್ಡಕ್ಕೆ 6 ಮಿ.ಮೀ. ಸರಳಿನ ಕೊಂಡಿ, ಪ್ರತಿ ಅರ್ಧ ಅಡಿಗೊಂದು. ಕಾಂಕ್ರೀಟಿನಲ್ಲಿ ಸಿಮೆಂಟ್, ಉಸುಕು, ಕಡಿ 1:1½:3.

ಕೆಲಸ ಕೆಡುವುದು ಮೂಲೆಯಲ್ಲಿ. ಎರಡು ಗೋಡೆಯ ಸರಳುಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟು ತಂತಿ ಸುತ್ತಿ ಬಿಟ್ಟರೆ ಪಟ್ಟಿ ಅಲ್ಲಿಗೆ ತುಂಡಾದಂತೆಯೇ. ಒಂದು ಗೋಡೆಯ ಸರಳು ಮೂಲೆ ತಿರುಗಿ ಇನ್ನೊಂದು ಗೋಡೆಯೊಳಗೆ ಎರಡು ಅಡಿಯಾದರೂ ಹೋಗಿ ಅಲ್ಲಿನ ಸರಳಿನ ಜೊತೆ ಕಟ್ಟಿಕೊಳ್ಳಬೇಕು. ಒಳಗೋಡೆ ಬಂದು ಸೇರುವಲ್ಲೂ ಹಾಗೆಯೇ. ಎರಡನೇ ತಪ್ಪು, ಎತ್ತರದ ವೆಂಟಿಲೇಟರ್ ಅಥವಾ ಮೆಟ್ಟಿಲಿನ ಕಿಟಕಿಗಾಗಿ ಪಟ್ಟಿಯನ್ನು ನಡುವೆ ಕಡಿಯುವುದು. ಮೂರನೆಯದು, ಸರಳನ್ನು ನೇರ ಕಲ್ಲಿನ ಮೇಲೆ ಮಲಗಿಸುವುದು. ಕೆಳಗೆ ಒಂದು ಇಂಚು ಕವರ್ ಬ್ಲಾಕ್ (ಸರಳನ್ನು ಎತ್ತಿ ಹಿಡಿಯುವ ಸಣ್ಣ ತುಂಡು) ಇಲ್ಲದಿದ್ದರೆ ಕಾಂಕ್ರೀಟ್ ಸರಳನ್ನು ಹಿಡಿಯುವುದೇ ಇಲ್ಲ, ಕೆಲವೇ ವರ್ಷದಲ್ಲಿ ತುಕ್ಕು ತಿನ್ನುತ್ತದೆ.

ಲಿಂಟಲ್ ಮಟ್ಟದ ಪಟ್ಟಿಯ ಜೊತೆ ಪ್ಲಿಂತ್ (ಪಾಯದ ಮೇಲ್ತುದಿ) ಮಟ್ಟದಲ್ಲೊಂದು ಬೇಕು, ಎರೆಮಣ್ಣಿನ ನೆಲದಲ್ಲಂತೂ ಬೇಕೇ ಬೇಕು. ಆರ್‌ಸಿಸಿ ಸ್ಲ್ಯಾಬ್ ಗೋಡೆಯ ಮೇಲೆ ಪೂರ್ತಿ ಕೂತರೆ ಅದೇ ಮೇಲಿನ ಪಟ್ಟಿಯಾಗುತ್ತದೆ. ಪತ್ರಾಸ್ ಮನೆಗೆ ಆ ಅನುಕೂಲವಿಲ್ಲ, ಗೋಡೆಯ ತಲೆಯ ಮೇಲೆ ಇನ್ನೊಂದು ಪಟ್ಟಿ ಹಾಕಿ, ಅದರಲ್ಲಿ ಬೋಲ್ಟ್ ನೆಟ್ಟು ಕಬ್ಬಿಣದ ಪೈಪನ್ನು ಬಿಗಿಯಬೇಕು. ಗಾಳಿಗೆ ಹಾರದಿರಲಿ ಎಂದು ಪತ್ರಾಸ್ ಮೇಲೆ ಕಲ್ಲು ಹೇರುವ ಅಭ್ಯಾಸವನ್ನು ಇವತ್ತೇ ಬಿಡಬೇಕು. ಸಣ್ಣ ನಡುಕಕ್ಕೂ ಆ ಕಲ್ಲುಗಳು ಜಾರಿ ಅಂಗಳದಲ್ಲಿ ಮಲಗಿದವರ ಮೇಲೆ ಬೀಳುತ್ತವೆ. ಜೆ ಆಕಾರದ ಹುಕ್ ಬೋಲ್ಟ್ ಇರುವಾಗ ಕಲ್ಲಿನ ಅಗತ್ಯವೇ ಇಲ್ಲ. ಇಳಿಜಾರು ಮಾಡಿಗೆ ಎರಡು ಬದಿ ಏರಿಸುವ ತ್ರಿಕೋನದ ಗೋಡೆಯೂ ಬಲು ದುರ್ಬಲ, ಅಲ್ಲಿ ಪತ್ರಾಸ್ ತಗಡನ್ನೇ ಹೊಡೆದು ಮುಚ್ಚುವುದು ಲೇಸು.

ಪ್ರತಿ ಮೂಲೆಗೂ, ಗೋಡೆ ಕೂಡುವ ಜಾಗಕ್ಕೂ ಪಾಯದಿಂದ ಮೇಲಿನವರೆಗೆ ನಿಂತ ಸರಳೊಂದು, 10 ಅಥವಾ 12 ಮಿ.ಮೀ., ಇದ್ದರೆ ಇನ್ನೂ ಉತ್ತಮ. ಕಡಿಮೆ ವಲಯದ ಒಂದಂತಸ್ತಿನ ಮನೆಗೆ ಸಂಹಿತೆ ಇದನ್ನು ಕಡ್ಡಾಯ ಮಾಡಿಲ್ಲ, ಆದರೂ ಖರ್ಚಿನ ಮುಂದೆ ಪ್ರಯೋಜನ ದೊಡ್ಡದು. ಕಲ್ಲಿನ ಗೋಡೆಯಲ್ಲಿ ಹಾಕುವ ಉಪಾಯ ಹೀಗಿದೆ: ಸರಳಿನ ಸುತ್ತ ಮೂರು ಇಂಚಿನ ಪಿವಿಸಿ ಪೈಪಿನ ಎರಡು ಅಡಿ ತುಂಡು ಇಟ್ಟು ಗೋಡೆ ಕಟ್ಟುವುದು, ಗೋಡೆ ಏರಿದಂತೆ ಪೈಪನ್ನು ತಿರುಗಿಸುತ್ತ ಮೇಲೆತ್ತಿ ಉಳಿದ ಟೊಳ್ಳಿಗೆ ಸಣ್ಣ ಕಡಿಯ ಕಾಂಕ್ರೀಟ್ ತುಂಬಿ ಸರಳಿನಿಂದ ತಿವಿಯುವುದು. ಬಾಗಿಲು, ಕಿಟಕಿಗಳನ್ನು ಮೂಲೆಯಿಂದ ಎರಡು ಅಡಿ ದೂರವಿಡಿ. ಒಂದು ಗೋಡೆಯಲ್ಲಿ ತೆರವುಗಳ ಒಟ್ಟು ಅಗಲ ಗೋಡೆಯ ಉದ್ದದ ಅರ್ಧಕ್ಕಿಂತ ಕಡಿಮೆ ಇರಲಿ.

ಪೇಟೆಯ ಆರ್‌ಸಿಸಿ ಮನೆಗಳು

ಕಾಲಂ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿಯ ಹೊಸ ಬಡಾವಣೆಗಳಲ್ಲಿ ಕೇಳುತ್ತಲೇ ಇರುತ್ತದೆ. ಕಾಲಂ ಮನೆ ಕಾಯುವುದು ಅದರೊಳಗಿನ ರಿಂಗ್, ಅಂದರೆ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆ, ಸರಿಯಿದ್ದಾಗ ಮಾತ್ರ. ಇಲ್ಲಿ 9 ಇಂಚು ಚೌಕದ ಕಾಲಂಗೆ 12 ಮಿ.ಮೀ. ನಾಲ್ಕು ಸರಳು, 8 ಇಂಚಿಗೊಂದು ರಿಂಗ್, ರಿಂಗಿನ ತುದಿ 90 ಡಿಗ್ರಿಗೆ ಮಡಿಸಿ ಬಿಟ್ಟದ್ದು, ಇಂಥ ಕೆಲಸ ಸಾಮಾನ್ಯ. ನೆಲ ಅಲುಗಿದಾಗ ಕಾಲಂನ ಮೇಲ್ತುದಿ ಮತ್ತು ಬುಡದಲ್ಲಿ ಹೊರಗಿನ ಕಾಂಕ್ರೀಟ್ ಉದುರುತ್ತದೆ. 90 ಡಿಗ್ರಿಯ ಮಡಿಕೆ ಆಗ ಬಿಚ್ಚಿಕೊಳ್ಳುತ್ತದೆ, ಉದ್ದ ಸರಳುಗಳು ಹೊರಕ್ಕೆ ಬಾಗುತ್ತವೆ, ಕಾಲಂ ಕುಸಿಯುತ್ತದೆ.

ಐಎಸ್ 13920ರ 2016ರ ಆವೃತ್ತಿ ಕಾಲಂನ ಕನಿಷ್ಠ ಬದಿ 300 ಮಿ.ಮೀ. ಇರಬೇಕೆನ್ನುತ್ತದೆ. 300 ಮಿ.ಮೀ. ಕಾಲಂ, 16 ಮಿ.ಮೀ. ಸರಳು ಎಂದಿಟ್ಟುಕೊಳ್ಳಿ. ಅದರ ಮೇಲಿನ ಮತ್ತು ಕೆಳಗಿನ ಒಂದೂವರೆ ಅಡಿಯಲ್ಲಿ 8 ಮಿ.ಮೀ. ರಿಂಗ್ 75 ಮಿ.ಮೀ.ಗೊಂದು, ನಡುಭಾಗದಲ್ಲಿ 150 ಮಿ.ಮೀ.ಗೊಂದು. ರಿಂಗಿನ ತುದಿ 135 ಡಿಗ್ರಿ ಮಡಿಸಿ ಕನಿಷ್ಠ 65 ಮಿ.ಮೀ. ಕಾಂಕ್ರೀಟಿನ ಒಳಕ್ಕೆ ಹೋಗಬೇಕು. ಬೀಮ್ ಮತ್ತು ಕಾಲಂ ಕೂಡುವ ಗಂಟಿನೊಳಗೂ ರಿಂಗ್ ಬರಬೇಕು. ಬೀಮಿನ ಸರಳು ತುಂಬಿದ ಮೇಲೆ ಅಲ್ಲಿ ಕೈ ಹೋಗುವುದಿಲ್ಲವೆಂದು ಬಾರ್ ಬೆಂಡರ್‌ಗಳು ಬಿಟ್ಟುಬಿಡುತ್ತಾರೆ, ಹಾಗಾಗಿ ಬೀಮ್ ಇಡುವ ಮೊದಲೇ ಅಲ್ಲಿಗೆ ಬೇಕಾದ ರಿಂಗ್‌ಗಳನ್ನು ಕಾಲಂಗೆ ತೊಡಿಸಿಟ್ಟುಕೊಳ್ಳಬೇಕು. ಸರಳಿನ ಜೋಡಣೆ ಸ್ಲ್ಯಾಬಿನ ಮೇಲೆಯೇ ಆಗುವುದು ಮತ್ತೊಂದು ದೊಡ್ಡ ದೋಷ. ಅತಿ ಹೆಚ್ಚು ಒತ್ತಡ ಬೀಳುವ ಜಾಗವೇ ಅದು. ಜೋಡಣೆ ಕಾಲಂ ಎತ್ತರದ ನಡುಭಾಗಕ್ಕೆ ಬರುವಂತೆ ಮೊದಲೇ ಸರಳನ್ನು ಅಳೆದು ಕತ್ತರಿಸಬೇಕು. ಎರಡನೇ ವಲಯಕ್ಕೆ ಈ ಸಂಹಿತೆ ಕಡ್ಡಾಯವಲ್ಲ ಎಂಬ ವಾದ ಬರುತ್ತದೆ. ಕಿಲ್ಲಾರಿಯ ಹಿಂದಿನ ವಲಯ ಯಾವುದಿತ್ತೆಂದು ನೆನಪಿರುವವರು ಆ ವಾದಕ್ಕೆ ಕಿವಿಗೊಡಬಾರದು.

ರಸ್ತೆಬದಿಯಲ್ಲಿ ಕೆಳಗೆ ಅಂಗಡಿ ಅಥವಾ ಪಾರ್ಕಿಂಗ್, ಮೇಲೆ ಎರಡು ಅಂತಸ್ತು ಮನೆ. ಕೆಳಗೆ ಶಟರ್ ಬಿಟ್ಟರೆ ಗೋಡೆಯಿಲ್ಲ, ಮೇಲೆ ತುಂಬ ಗೋಡೆ. ಮೇಲಿನದು ಗಟ್ಟಿ ಗಡ್ಡೆಯಾಗಿ ಅಲುಗಿ ಎಲ್ಲ ಬಾಗುವಿಕೆಯೂ ಕೆಳಗಿನ ಕಾಲಂಗಳಿಗೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಇಂಥ ಕಟ್ಟಡಗಳು ಕೂತುಹೋದವು. ಕೆಳಗೆ ಅಂಗಡಿ ಬೇಕೇ ಬೇಕಾದರೆ ಹಿಂಬದಿ ಮತ್ತು ಎರಡು ಪಕ್ಕಗಳಲ್ಲಿ ಪೂರ್ಣ ಗೋಡೆ ಅಥವಾ ಕಾಂಕ್ರೀಟ್ ಗೋಡೆ ಇರಲಿ, ಕೆಳಗಿನ ಕಾಲಂ ಮೇಲಿನದಕ್ಕಿಂತ ದಪ್ಪವಿರಲಿ. ಮೇಲಂತಸ್ತನ್ನು ರಸ್ತೆಯ ಮೇಲೆ ನಾಲ್ಕು ಅಡಿ ಚಾಚಿ, ಆ ಚಾಚಿನ ತುದಿಯಲ್ಲಿ ಹೊಸ ಕಾಲಂ ಎಬ್ಬಿಸುವುದನ್ನು ಯಾವ ಎಂಜಿನಿಯರೂ ಒಪ್ಪಬಾರದು.

ಕಾಂಕ್ರೀಟಿನ ಬಗ್ಗೆ ಎರಡೇ ಮಾತು. 50 ಕಿಲೊ ಚೀಲಕ್ಕೆ ನೀರು 25ರಿಂದ 27 ಲೀಟರ್, ಉಸುಕು ಒದ್ದೆಯಿದ್ದರೆ ಇನ್ನೂ ಕಡಿಮೆ. ಸರಾಗ ಹರಿಯಲೆಂದು ಪೈಪ್ ಹಿಡಿದು ನೀರು ಬಿಟ್ಟರೆ ಅರ್ಧ ಬಲ ಅಲ್ಲೇ ಹೋಯಿತು. ಮತ್ತು ನಮ್ಮ ಬಿಸಿಲಿಗೆ, ಅದರಲ್ಲೂ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಬಳಸಿದಾಗ, ಎರಡು ವಾರ ಕ್ಯೂರಿಂಗ್ ಬೇಕು. ಕಾಲಂಗೆ ಗೋಣಿಚೀಲ ಸುತ್ತಿ ಹಸಿಯಾಗಿಡದೆ ದಿನಕ್ಕೆರಡು ಸಲ ಬಕೆಟ್ ನೀರು ಎರಚುವುದು ಕ್ಯೂರಿಂಗ್ ಅಲ್ಲ.

ಈಗಿರುವ ಮನೆಗೆ ಏನು ಮಾಡಬಹುದು

ಹಳೆಯ ಕಲ್ಲಿನ ಮನೆ ಕೆಡವಿ ಹೊಸದು ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ, ಎಲ್ಲ ಮನೆಗಳನ್ನೂ ಕೆಡವಬೇಕಾಗಿಯೂ ಇಲ್ಲ. ಮೊದಲ ಕೆಲಸ ಮಾಳಿಗೆಯ ಮಣ್ಣು ಇಳಿಸುವುದು. ನಾಲ್ಕರಿಂದ ಆರು ಇಂಚು ಉಳಿಸಿ ಮಿಕ್ಕದ್ದನ್ನು ತೆಗೆಯಿರಿ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಆ ತೆಳು ಪದರ ಹಾಕಿದರೆ ಸೋರಿಕೆಯೂ ನಿಲ್ಲುತ್ತದೆ. ಮಣ್ಣನ್ನು ಒಂದೇ ಬದಿಯಿಂದ ತೆಗೆಯುತ್ತ ಹೋಗದೆ ಎರಡೂ ಬದಿಯಿಂದ ಸಮವಾಗಿ, ಕೆಳಗೆ ಯಾರೂ ಇಲ್ಲದಾಗ ತೆಗೆಯಬೇಕು. ಖರ್ಚು ಕೂಲಿಯಷ್ಟೇ, ಲಾಭ ಮಾತ್ರ ಎಲ್ಲಕ್ಕಿಂತ ದೊಡ್ಡದು.

ಆಮೇಲೆ ಗೋಡೆ. ಹೊಟ್ಟೆ ಬಿಟ್ಟ ಗೋಡೆ ಎಂದರೆ ಎರಡು ಮೈಗಳು ಆಗಲೇ ಬೇರೆಯಾಗಿವೆ ಎಂದರ್ಥ. ಮಾಳಿಗೆಗೆ ಬಲ್ಲಿ (ಆಸರೆಯ ಕಂಬ) ಕೊಟ್ಟು, ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಲೇಬೇಕು. ನೆಟ್ಟಗಿರುವ ಗೋಡೆಗೆ ಹೊರಗಿನಿಂದ ಹೆಡರ್ ಕೊಡಬಹುದು: ಸುಮಾರು ಒಂದು ಚದರ ಮೀಟರ್‌ಗೆ ಒಂದರಂತೆ ಕಲ್ಲನ್ನು ಮೆಲ್ಲಗೆ ಸಡಿಲಿಸಿ ತೆಗೆದು, ಮೂರು ಇಂಚಿನ ತೂತನ್ನು ಆ ಮೈವರೆಗೆ ಒಯ್ದು, ಎರಡೂ ತುದಿ ಕೊಕ್ಕೆ ಮಡಿಸಿದ 8 ಮಿ.ಮೀ. ಸರಳಿಟ್ಟು ಕಾಂಕ್ರೀಟ್ ತುಂಬುವುದು. ದೊಡ್ಡ ಸುತ್ತಿಗೆ ಬಳಸಬಾರದು, ಸಣ್ಣ ಸಲಾಕೆಯಿಂದ ಮಣ್ಣು ಕೆದಕಿದರೆ ಕಲ್ಲು ತಾನೇ ಬರುತ್ತದೆ. ಹತ್ತು ದಿನ ನೀರುಣಿಸಬೇಕು. ಲಿಂಟಲ್‌ಗಿಂತ ಸ್ವಲ್ಪ ಮೇಲೆ ಗೋಡೆಯ ಒಳಗೂ ಹೊರಗೂ ಒಂದಡಿ ಅಗಲ ಕೆರೆದು, ಸಂದಿನ ಮಣ್ಣು ತೆಗೆದು, ವೆಲ್ಡ್ ಮೆಶ್ ಜಾಲರಿಯನ್ನು ಉದ್ದ ಮೊಳೆಯಿಂದ ಬಿಗಿದು 1:3 ಗಾರೆಯ ಎರಡು ಪದರ ಹಾಕಿದರೆ ಹಳೆಯ ಮನೆಗೂ ಸುತ್ತುಪಟ್ಟಿ ಸಿಕ್ಕಂತೆ. ಐಎಸ್ 13935 ಈ ವಿಧಾನಗಳನ್ನೇ ವಿವರಿಸುತ್ತದೆ. ಕಂಬ, ತೊಲೆ ಕೂಡುವಲ್ಲಿ ಎರಡು ಬದಿಗೂ ಓರೆ ಮರ ಅಥವಾ ಕಬ್ಬಿಣದ ಆ್ಯಂಗಲ್ ಬೋಲ್ಟ್ ಮಾಡಿ. ಫರಸಿ ಚಪ್ಪಡಿಯ ಛಾವಣಿ ಇದ್ದರೆ ಕೆಳಗಿನ ಕಬ್ಬಿಣದ ತೊಲೆಗಳನ್ನು ಒಂದಕ್ಕೊಂದು ಅಡ್ಡ ಮತ್ತು ಓರೆ ಪಟ್ಟಿಗಳಿಂದ ವೆಲ್ಡ್ ಮಾಡಿಸಿ. ತೊಲೆಗಳು ಅರ್ಧ ಇಂಚು ಸರಿದರೂ ಚಪ್ಪಡಿ ಜಾರುತ್ತದೆ.

ಸರ್ಕಾರದ ಮನೆಗಳಲ್ಲಿ ತಪ್ಪುತ್ತಿರುವ ಅವಕಾಶ

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ಅಷ್ಟು ಚಿಕ್ಕ ಮನೆಗೆ, ಒಂದು ಒಳಗೋಡೆ ಸೇರಿಸಿದರೆ, ಗೋಡೆಯ ಒಟ್ಟು ಉದ್ದ ಸುಮಾರು 25 ಮೀಟರ್. 9 ಇಂಚಿನ ಗೋಡೆಯ ಮೇಲೆ 10 ಮಿ.ಮೀ. ಸರಳಿನ ಸುತ್ತುಪಟ್ಟಿಗೆ ಬೇಕಾಗುವುದು ಸುಮಾರು 45 ಕಿಲೊ ಕಬ್ಬಿಣ, ಮೂರೂವರೆ ಚೀಲ ಸಿಮೆಂಟ್. ಕಲ್ಲಿನ ದಪ್ಪ ಗೋಡೆಯಾದರೆ 50 ಕಿಲೊ, ಆರೇಳು ಚೀಲ. ಇದರಲ್ಲಿ ಒಂದು ಪಾಲು ಬಾಗಿಲು, ಕಿಟಕಿಯ ಲಿಂಟಲ್‌ಗೆ ಹೇಗೂ ಖರ್ಚಾಗುತ್ತಿತ್ತು.

ಕಂತು ಬಿಡುಗಡೆಗೆ ಪಾಯ, ಲಿಂಟಲ್, ಛಾವಣಿ ಹಂತಗಳಲ್ಲಿ ಜಿಪಿಎಸ್ ಫೋಟೊ ತೆಗೆಯುವ ಪದ್ಧತಿ ಈಗಾಗಲೇ ಇದೆ. ಆ ಫೋಟೊದಲ್ಲಿ ಗೋಡೆ ಎಷ್ಟು ಎತ್ತರ ಏರಿದೆ ಎಂದು ನೋಡುತ್ತಾರೆಯೇ ಹೊರತು ಮೂಲೆಯಲ್ಲಿ ಸರಳು ತಿರುಗಿದೆಯೇ ಎಂದು ಕೇಳುವುದಿಲ್ಲ. ಲಿಂಟಲ್ ಹಂತದ ಫೋಟೊವನ್ನು ಕಾಂಕ್ರೀಟ್ ಸುರಿಯುವ ಮುಂಚೆ, ಸರಳು ಕಾಣುವಂತೆ, ನಾಲ್ಕು ಮೂಲೆಯಿಂದ ತೆಗೆಯಬೇಕೆಂದು ಒಂದು ಆದೇಶ ಹೊರಟರೆ ಮೂರು ಜಿಲ್ಲೆಗಳ ಬಡವರ ಹೊಸ ಮನೆಗಳ ಸ್ಥಿತಿಯೇ ಬದಲಾಗುತ್ತದೆ. ಅದಕ್ಕೆ ಹೊಸ ಇಲಾಖೆ ಬೇಡ, ಹೊಸ ಅನುದಾನವೂ ಬೇಡ. ಆದೇಶ ಬರುವವರೆಗೆ ಮನೆ ಕಟ್ಟಿಸುವವರೇ ಈ ಕೆಲಸ ಮಾಡಬಹುದು: ಲಿಂಟಲ್ ಕಾಂಕ್ರೀಟಿನ ಹಿಂದಿನ ಸಂಜೆ ಟೇಪ್ ಹಿಡಿದು ಮೂಲೆಮೂಲೆಗೆ ಹೋಗಿ ಸರಳು ಎರಡು ಅಡಿ ತಿರುಗಿದೆಯೇ, ಕೆಳಗೆ ಕವರ್ ಬ್ಲಾಕ್ ಇದೆಯೇ, ಒಳಗೋಡೆಯ ಸರಳು ಹೊರಗೋಡೆಗೆ ಸೇರಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮರುದಿನದ ಮಿಕ್ಸರ್ ಗಾಡಿಯನ್ನು ನಿಲ್ಲಿಸಬೇಕು.